ಯುವಿ ಲೈಟ್ ಹಾಕಿದರೆ ಕೋಣೆಯೊಳಗೆ ‘ಕ್ಲೋನ್’ ಗಿಡ ಬೆಳೆಯುತ್ತದೆಯೇ?

ನೇರಳೆ ಬಣ್ಣದ ದೀಪದ ಕೆಳಗೆ ಸಾಲಾಗಿ ನಿಂತ ಪುಟ್ಟ ಗಿಡಗಳ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ ಒಂದು ಸಾಲು: ಯುವಿ ಬಲ್ಬ್ ಹಾಕಿ, ಬಿಸಿಲೇ ಬೇಡ, ಯಾವ ಗಿಡದ ಕ್ಲೋನ್ ಬೇಕಾದರೂ ಮನೆಯೊಳಗೇ ಬೆಳೆಸಿ. ಕೆಲವು ವಿಡಿಯೊಗಳಲ್ಲಿ ಆ ಗಿಡ ಗಾಂಜಾ. ಇದರಲ್ಲಿ ಕ್ಲೋನ್ ಎಂಬುದು ನಿಜ, ಯುವಿ ಎಂಬುದು ತಪ್ಪು, ಗಾಂಜಾ ಎಂಬುದು ಜೈಲಿನ ದಾರಿ.

ಕ್ಲೋನ್ ಅಂದರೆ ಏನು?

ಹೆದರುವಂಥದ್ದೇನಲ್ಲ. ದಾಸವಾಳದ ಕಡ್ಡಿ ಮುರಿದು ನೆಟ್ಟರೆ ಅದೂ ಕ್ಲೋನ್, ಕಬ್ಬಿನ ತುಂಡು ನೆಟ್ಟರೆ ಅದೂ ಕ್ಲೋನ್. ಬೀಜವಿಲ್ಲದೆ ಹುಟ್ಟಿದ, ತಾಯಿಗಿಡದ ಪಡಿಯಚ್ಚು ಅಷ್ಟೇ. ಭೌಗೋಳಿಕ ಸೂಚಿ ಪಡೆದಿರುವ ನಂಜನಗೂಡು ರಸಬಾಳೆಯನ್ನೇ ನೋಡಿ. ಹಣ್ಣಿನಲ್ಲಿ ಬಿತ್ತುವ ಬೀಜವಿಲ್ಲ, ಕಂದು ಕಿತ್ತು ನೆಡುತ್ತಾ ತಲೆತಲಾಂತರದಿಂದ ಉಳಿಸಿಕೊಂಡು ಬಂದ ತಳಿ ಅದು.

ರುಚಿ ಬದಲಾಗದೆ ಬಂದದ್ದು ಇದರಿಂದಲೇ, ಪೆಟ್ಟು ಬಿದ್ದದ್ದೂ ಇದರಿಂದಲೇ. ಎಲ್ಲ ಗಿಡವೂ ಒಂದೇ ಆದಾಗ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಪನಾಮ ಸೊರಗು ರೋಗದ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರಿನ ದಾರಿಯನ್ನೇ ಮುಚ್ಚುತ್ತದೆ. ಎಲೆ ಅಂಚಿನಿಂದ ಹಳದಿಯಾಗಿ ಜೋತುಬೀಳುತ್ತದೆ, ದಿಂಡು ಸೀಳಿದರೆ ಒಳಗೆ ಕೆಂಗಂದು ಗೆರೆ ಕಾಣುತ್ತದೆ. ಜಗತ್ತಿನ ಮಾರುಕಟ್ಟೆ ಆಳುತ್ತಿದ್ದ ಗ್ರೋ ಮಿಷೆಲ್ ಬಾಳೆ 1950ರ ದಶಕದಲ್ಲಿ ನೆಲಕಚ್ಚಿದ್ದೂ ಇದೇ ರೋಗಕ್ಕೆ. ಕಾಯಿಲೆ ತೋಟದ ಕಂದು ತಂದು ನೆಟ್ಟರೆ ರೋಗವೂ ಜೊತೆಗೆ ಬರುತ್ತದೆ. ಅದಕ್ಕೇ ಅಂಗಾಂಶ ಕೃಷಿ, ಅಂದರೆ ಟಿಶ್ಯೂ ಕಲ್ಚರ್ ಗಿಡಗಳಿಗೆ ಬೇಡಿಕೆ. ಆದರೆ ಅವು ರೋಗವಿಲ್ಲದೆ ಬರುತ್ತವೆಯೇ ಹೊರತು ರೋಗನಿರೋಧಕವಲ್ಲ. ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಕಾಯಬಲ್ಲದು.

ಹಾಗಾದರೆ ಲ್ಯಾಬ್‌ನಲ್ಲಿ ಯುವಿ ದೀಪ ಯಾಕೆ?

ಗಿಡ ಬೆಳೆಸುವುದಕ್ಕಲ್ಲ, ಕೊಲ್ಲುವುದಕ್ಕೆ. ಕೆಲಸ ಶುರುವಾಗುವ ಮೊದಲು ಗಾಜಿನ ಕಟ್ಟೆಯೊಳಗಿನ ಸೂಕ್ಷ್ಮಾಣುಗಳನ್ನು ಸಾಯಿಸಲು ಹಚ್ಚುತ್ತಾರೆ, ಆಮೇಲೆ ಆರಿಸುತ್ತಾರೆ. ಸಸಿಗಳ ಬಾಟಲಿ ಇರುವ ಕೋಣೆಯಲ್ಲಿ ಉರಿಯುವುದು ಮಾಮೂಲಿ ಬಿಳಿ ದೀಪ, ಸಾಮಾನ್ಯವಾಗಿ ದಿನಕ್ಕೆ 16 ಗಂಟೆ.

ಗಿಡ ಆಹಾರ ತಯಾರಿಸುವುದು 400ರಿಂದ 700 ನ್ಯಾನೋಮೀಟರ್ ಅಲೆಯ, ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಯುವಿ 400ಕ್ಕಿಂತ ಕೆಳಗಿನದು. ವಿಡಿಯೊದ ನೇರಳೆ ದೀಪ ಕೆಂಪು ಮತ್ತು ನೀಲಿ ಎಲ್‌ಇಡಿಗಳ ಮಿಶ್ರಣ. ಅದನ್ನೇ ಯುವಿ ಎಂದುಕೊಂಡು ಕ್ರಿಮಿ ಕೊಲ್ಲುವ ಟ್ಯೂಬ್ ತಂದು ಕೋಣೆಗೆ ಹಾಕಿದರೆ ಎಲೆ ಸುಡುತ್ತದೆ. ಅದಕ್ಕಿಂತ ಮೊದಲು ನಿಮ್ಮ ಕಣ್ಣು ಕೆಡುತ್ತದೆ: ಕೆಲವು ಗಂಟೆಗಳ ನಂತರ ಮರಳು ಬಿದ್ದಂತೆ ಉರಿ, ನೀರು. ಚರ್ಮವೂ ಕೆಂಪೇರುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಇದು ಬೇಡವೇ ಬೇಡ.

ಕಿಟಕಿ ಬಿಸಿಲು ಸಾಕಲ್ಲವೇ? ಕೆಲವಕ್ಕೆ ಸಾಕು. ಹೊರಗೆ ನಡುಮಧ್ಯಾಹ್ನ ಒಂದು ಲಕ್ಷ ಲಕ್ಸ್‌ವರೆಗೆ ಬೆಳಕಿದ್ದರೆ ದೀಪ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಮಾತ್ರ. ಮನಿಪ್ಲಾಂಟ್ ಹೊಂದಿಕೊಳ್ಳುತ್ತದೆ, ಬಾಳೆ ಹೊಂದಿಕೊಳ್ಳುವುದಿಲ್ಲ. ಲ್ಯಾಬ್ ಬಾಳೆಯನ್ನೂ ಶೇಡ್‌ನೆಟ್ ಕೆಳಗೆ ಕೆಲವು ವಾರ ಹದಗೊಳಿಸಿಯೇ ಬಿಸಿಲಿಗೆ ಬಿಡಬೇಕು. ನಂಜನಗೂಡು, ತಿ. ನರಸೀಪುರ ಕಡೆಯವರಾದರೆ ಇಂಥ ಸಸಿ ಕೊಳ್ಳುವ ಮೊದಲು ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಗಾಂಜಾ ಫಾರ್ವರ್ಡ್‌ನ ಕಥೆ

ಯುವಿ ಬಿದ್ದರೆ ನಶೆ ಹೆಚ್ಚುತ್ತದೆ ಎಂಬ ಮಾತಿಗೆ 1987ರ ಅಮೆರಿಕದ ಒಂದು ಪ್ರಯೋಗ ಮೂಲ. ಒಳಾಂಗಣದಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ, ಗಿಡಗಳೇ ಸೊರಗಿದವು.

ಇನ್ನು ‘ಹೂ ಬಿಡದ ಗಿಡ, ಕ್ಲೋನ್ ಸಸಿ ಇಟ್ಟುಕೊಂಡರೆ ಅಪರಾಧವಲ್ಲ’ ಎಂಬುದು ಅರ್ಧ ಓದಿದವರ ಮಾತು. 1985ರ ಎನ್‌ಡಿಪಿಎಸ್ ಕಾಯ್ದೆ ‘ಗಾಂಜಾ’ ಎನ್ನುವುದು ಹೂ, ಕಾಯಿ ಬಿಟ್ಟ ತುದಿಯನ್ನು, ನಿಜ. ಆದರೆ ಅದೇ ಕಾಯ್ದೆಯ 8ನೇ ಸೆಕ್ಷನ್ ಅನುಮತಿಯಿಲ್ಲದೆ ಆ ಜಾತಿಯ ಯಾವ ಗಿಡವನ್ನೂ ಬೆಳೆಸಬಾರದು ಎನ್ನುತ್ತದೆ. ಕಡ್ಡಿಯಿಂದ ಬಂದದ್ದೋ ಬೀಜದಿಂದ ಬಂದದ್ದೋ, ಹೊಲದಲ್ಲೋ ಕುಂಡದಲ್ಲೋ ಎಂಬ ಭೇದ ಅಲ್ಲಿಲ್ಲ. 20ನೇ ಸೆಕ್ಷನ್ ಪ್ರಕಾರ ಬೆಳೆಸಿದವರಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ.