ಲಿವರ್‌ನ ಕಲೆ ರಕ್ತದಲ್ಲಿ ಕಂಡಿದ್ದು ಹೇಗೆ?

ಮಲೆನಾಡಿನಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಹಳದಿ ಇಳಿದರೆ ಕಾಮಾಲೆ ಹೋಯಿತು ಎಂದೇ ನಮ್ಮ ಲೆಕ್ಕ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಕಣ್ಣು ಹಳದಿ ಮಾಡದೆಯೇ ಹತ್ತಿಪ್ಪತ್ತು ವರ್ಷ ಲಿವರ್‌ನಲ್ಲಿ ಕೂತಿರಬಹುದು. ಗಾಯ ಮಾಯ್ದ ಮೇಲೆ ಕಲೆ ಉಳಿಯುವಂತೆ, ಲಿವರ್ ಒಳಗೂ ನಾರಿನಂಥ ಕಲೆ ಬೆಳೆಯುತ್ತದೆ. ಕೊನೆಗೆ ಲಿವರ್ ಗಟ್ಟಿಯಾಗಿ ಗಂಟುಗಂಟಾದರೆ ಅದೇ ಸಿರೋಸಿಸ್.

ಈ ಕಲೆ ಎಷ್ಟಿದೆ ಎಂದು ನೋಡಲು ಬಹಳ ಕಾಲ ಇದ್ದದ್ದು ಒಂದೇ ದಾರಿ: ಪಕ್ಕೆಗೆ ಸೂಜಿ ಹಾಕಿ ಲಿವರ್‌ನ ತುಣುಕು ತೆಗೆಯುವ ಬಯಾಪ್ಸಿ. 1958ರಲ್ಲಿ ಇಟಲಿಯ ಮೆಂಘಿನಿ ಒಂದೇ ಸೆಕೆಂಡಿನಲ್ಲಿ ತುಣುಕು ತೆಗೆಯುವ ವಿಧಾನ ತೋರಿಸಿದ ಮೇಲೆ ಅದು ಎಲ್ಲೆಡೆ ಹರಡಿತು. ಆದರೂ ನೋವು, ರಕ್ತಸ್ರಾವದ ಭಯ, ಖರ್ಚು ತಪ್ಪಲಿಲ್ಲ. ತುಣುಕು ನೋಡಿ ಹೇಳುವ ತಜ್ಞರು ದೊಡ್ಡ ಊರುಗಳಲ್ಲೇ ಇದ್ದರು.

ಅಷ್ಟರಲ್ಲಿ ವೈರಸ್‌ಗಳೂ ಒಂದೊಂದಾಗಿ ಸಿಕ್ಕಿಬಿದ್ದವು. ಬಿ ವೈರಸ್‌ನ ಗುರುತನ್ನು 1960ರ ದಶಕದಲ್ಲಿ ರಕ್ತದಲ್ಲಿ ಪತ್ತೆ ಮಾಡಿದವರು ಅಮೆರಿಕದ ಬರೂಚ್ ಬ್ಲಂಬರ್ಗ್. 1976ರಲ್ಲಿ ಅವರಿಗೆ ನೊಬೆಲ್ ಬಂತು. ಸಿ ವೈರಸ್ ಸಿಕ್ಕಿದ್ದು 1989ರಲ್ಲಿ. ನಮ್ಮ ನೆಲನೆಲ್ಲಿಗೂ ಬ್ಲಂಬರ್ಗ್ ಅವರಿಗೂ ನಂಟಿದೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲಂಬರ್ಗ್ ಜೊತೆ ಸೇರಿ, ಈ ಸೊಪ್ಪಿನ ಔಷಧಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಬಿ ವೈರಸ್‌ನ ಗುರುತು ಮಾಯವಾಯಿತು ಎಂದು ವರದಿ ಮಾಡಿದರು. ಬೇರೆ ಕಡೆ ಪರೀಕ್ಷಿಸಿದಾಗ ಆ ಫಲ ಮತ್ತೆ ಸಿಗಲಿಲ್ಲ.

ಬಯಾಪ್ಸಿಯ ಬದಲಿಗೆ ಸುಲಭದ ದಾರಿ ತೋರಿಸಿದ್ದು 2003ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈ, ಅನ್ನಾ ಲೋಕ್ ಮತ್ತಿತರರು. ಹೆಪಟೈಟಿಸ್ ಸಿ ಇದ್ದವರ ಬಯಾಪ್ಸಿಯನ್ನು ಅವರವರ ರಕ್ತ ಪರೀಕ್ಷೆಯ ಜೊತೆ ಇಟ್ಟು ನೋಡಿದರು. ಎರಡು ಅಂಕಿ ಸಾಕಷ್ಟು ಹೇಳುತ್ತಿದ್ದವು. ಲಿವರ್ ಕಣಗಳು ಒಡೆದರೆ ಎಸ್‌ಜಿಒಟಿ ಏರುತ್ತದೆ. ಕಲೆ ಹೆಚ್ಚಾದರೆ ಲಿವರ್ ಮೂಲಕ ರಕ್ತ ಸರಾಗವಾಗಿ ಹರಿಯದೆ ಗುಲ್ಮ ಊದಿಕೊಳ್ಳುತ್ತದೆ, ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಏರಿಕೆ, ಇನ್ನೊಂದು ಇಳಿಕೆ. ಇದಕ್ಕೆ ಎಪಿಆರ್‌ಐ ಎಂದು ಹೆಸರಿಟ್ಟರು.

ಲೆಕ್ಕ ಕಷ್ಟವಿಲ್ಲ. ಎಸ್‌ಜಿಒಟಿಯನ್ನು ಲ್ಯಾಬ್‌ನ ಗರಿಷ್ಠ ಮಿತಿಯಿಂದ ಭಾಗಿಸಿ. ಬಂದದ್ದನ್ನು ಎಷ್ಟು ಲಕ್ಷ ಪ್ಲೇಟ್‌ಲೆಟ್ ಇದೆಯೋ ಅದರಿಂದ ಭಾಗಿಸಿ. ಎಸ್‌ಜಿಒಟಿ 80, ಮಿತಿ 40, ಪ್ಲೇಟ್‌ಲೆಟ್ 1.25 ಲಕ್ಷ ಇದ್ದರೆ ಉತ್ತರ 1.6. 2006ರಲ್ಲಿ ವಯಸ್ಸು ಮತ್ತು ಎಸ್‌ಜಿಪಿಟಿಯನ್ನೂ ಸೇರಿಸಿದ ಫಿಬ್-4 ಲೆಕ್ಕ ಬಂತು.

ಶಿವಮೊಗ್ಗದವರು ಇಲ್ಲೊಂದು ಎಚ್ಚರ ಇಟ್ಟುಕೊಳ್ಳಬೇಕು. ಡೆಂಗಿ ಬಂದಾಗ, 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದ ಮಂಗನ ಕಾಯಿಲೆ ಬಂದಾಗಲೂ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರುತ್ತದೆ. ಕುಡಿತದಿಂದಲೂ ಎಸ್‌ಜಿಒಟಿ ಏರುತ್ತದೆ. ಜ್ವರದ ದಿನದ ರಿಪೋರ್ಟ್ ಹಿಡಿದು ಲೆಕ್ಕ ಹಾಕಿ ಹೆದರಬೇಡಿ. ಅಂಕಿ ಕಡಿಮೆ ಬಂತೆಂದು ಡಾಕ್ಟರನ್ನು ಬಿಡಲೂ ಬೇಡಿ.

2018ರ ಜುಲೈ 28, ಬ್ಲಂಬರ್ಗ್ ಹುಟ್ಟಿದ ದಿನ, ವಿಶ್ವ ಹೆಪಟೈಟಿಸ್ ದಿನ. ಅಂದೇ ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಬಿ ಮತ್ತು ಸಿಗೆ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಯಾರಿಗೆ ಸಿರೋಸಿಸ್ ಆಗಿರಬಹುದು ಎಂದು ನೋಡಲು ಇದೇ ರಕ್ತದ ಲೆಕ್ಕ ಬಳಸುತ್ತಾರೆ.

ಕಥೆ ಇನ್ನೂ ಮುಗಿದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಪಟೈಟಿಸ್ ಬಿ ಇರುವ ವಯಸ್ಕರಲ್ಲಿ ಎಪಿಆರ್‌ಐ 2 ದಾಟಿದರೆ ಸಿರೋಸಿಸ್ ಎಂದು ತಿಳಿಯಿರಿ ಎಂದಿತ್ತು. 2024ರಲ್ಲಿ ಗೆರೆ ಕೆಳಗಿಳಿಯಿತು: 0.5 ದಾಟಿದರೇ ಚಿಕಿತ್ಸೆ ಯೋಚಿಸಿ ಎಂದಿತು. ಹಾಗಾಗಿ ರಾಗಿಗುಡ್ಡದಲ್ಲಾಗಲಿ, ಭದ್ರಾವತಿಯಲ್ಲಾಗಲಿ, "ಹೆಪಟೈಟಿಸ್ ಬಿ ಇದೆ, ಈಗೇನೂ ಮಾತ್ರೆ ಬೇಡ" ಎಂದು ಹಿಂದೆ ಹೇಳಿಸಿಕೊಂಡವರು ಮನೆಯಲ್ಲಿದ್ದರೆ ಹಳೆಯ ರಿಪೋರ್ಟ್ ಹುಡುಕಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ಇನ್ನೊಮ್ಮೆ ಕೇಳಿ. ಅಂದಿನ "ಬೇಡ" ಇಂದು "ಬೇಕು" ಆಗಿರಬಹುದು.