ಸಂಗಮದೂರ ಮತ್ತು ಮೌಂಟ್: ಖಗೋಳ ಛಾಯಾಗ್ರಹಣದ ಚರಿತ್ರೆಯಲ್ಲಿ ಒಂದು ಉಪೇಕ್ಷಿತ ಸಂಬಂಧ

ದೂರದರ್ಶಕಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮಸೂರ ಮತ್ತು ದರ್ಪಣಗಳ ವ್ಯಾಸವನ್ನೇ ಪ್ರಗತಿಯ ಅಳತೆಗೋಲಾಗಿ ಇರಿಸಿಕೊಂಡಿದ್ದಾರೆ. ಆ ಮಸೂರವನ್ನು ಹೊತ್ತು, ಭೂಮಿಯ ಆವರ್ತನಕ್ಕೆ ಪ್ರತಿಯಾಗಿ ತಿರುಗುತ್ತ, ನಕ್ಷತ್ರವನ್ನು ಬಿಡದೆ ಅನುಸರಿಸುವ ಆಧಾರವ್ಯವಸ್ಥೆಗೆ, ಅಂದರೆ ಖಗೋಳಜ್ಞರ ಬಳಕೆಯ ಮಾತಿನಲ್ಲಿ 'ಮೌಂಟ್'ಗೆ, ದೊರೆತಿರುವುದು ಅಡಿಟಿಪ್ಪಣಿಯ ಸ್ಥಾನ. ಕಣ್ಣಿನಿಂದ ನೋಡಿ ದಾಖಲಿಸುತ್ತಿದ್ದ ಕಾಲಕ್ಕೆ ಸಂಬಂಧಿಸಿದಂತೆ ಈ ಉಪೇಕ್ಷೆಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಶುಷ್ಕ ಫಲಕಗಳು ಬಳಕೆಗೆ ಬಂದು ಗಂಟೆಗಟ್ಟಲೆ ಬೆಳಕನ್ನು ಸಂಗ್ರಹಿಸುವುದು ಸಾಧ್ಯವಾದ 1880ರ ದಶಕದ ನಂತರದ ಚರಿತ್ರೆಯನ್ನು ಮೌಂಟ್ ಬಿಟ್ಟು ಬರೆದರೆ ಕೆಲವು ಘಟನೆಗಳು ಅರ್ಥವೇ ಆಗುವುದಿಲ್ಲ. ಅಂತಹ ಒಂದು ಪ್ರಸಂಗವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಗಣಿತದ ಒಂದು ಮಾತು. ಮೌಂಟಿನ ದೋಷ ಕೋನದಲ್ಲಿ ಉಂಟಾಗುತ್ತದೆ. ಫಲಕದ ಮೇಲೆ ಅದು ಉದ್ದವಾಗಿ ಕಾಣಿಸಿಕೊಳ್ಳುತ್ತದೆ. ಕೋನವನ್ನು ಉದ್ದವಾಗಿ ಮಾರ್ಪಡಿಸುವುದು ಸಂಗಮದೂರ. 206265 ಎಂಬ ಸಂಖ್ಯೆಯನ್ನು ಮಿಲಿಮೀಟರಿನಲ್ಲಿ ಹೇಳಿದ ಸಂಗಮದೂರದಿಂದ ಭಾಗಿಸಿದರೆ ಫಲಕದ ಒಂದು ಮಿಲಿಮೀಟರ್ ಆಕಾಶದ ಎಷ್ಟು ವಿಕಲೆಗಳಿಗೆ ಸಮ ಎಂಬುದು ತಿಳಿಯುತ್ತದೆ (ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ). ಎಂದರೆ ಸಂಗಮದೂರ ಹೆಚ್ಚಿದಷ್ಟೂ ಚಿತ್ರ ಹಿಗ್ಗುತ್ತದೆ. ಅದರೊಂದಿಗೆ ಮೌಂಟಿನ ತಪ್ಪೂ ಅಷ್ಟೇ ಪಾಲು ಹಿಗ್ಗುತ್ತದೆ.

ಕ್ಯಾಲಿಫೋರ್ನಿಯಾದ ಮೌಂಟ್ ಹ್ಯಾಮಿಲ್ಟನ್ ಶಿಖರದ ಮೇಲಿರುವ ಲಿಕ್ ವೀಕ್ಷಣಾಲಯದಲ್ಲಿ ಸುಮಾರು ಒಂದು ದಶಕದ ಅಂತರದಲ್ಲಿ ನಡೆದ ಎರಡು ಕೆಲಸಗಳು ಈ ಸಂಬಂಧವನ್ನು ಸ್ಪಷ್ಟಪಡಿಸುತ್ತವೆ. 1889ರಲ್ಲಿ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಅವರು ವಿಲ್ಲರ್ಡ್ ಮಸೂರವೆಂದು ಹೆಸರಾದ, ಮೂಲತಃ ವ್ಯಕ್ತಿಚಿತ್ರ ತೆಗೆಯಲು ತಯಾರಾದ, ಸುಮಾರು 6 ಅಂಗುಲ ವ್ಯಾಸದ ಮಸೂರವನ್ನು ಮರದ ಪೆಟ್ಟಿಗೆಯಲ್ಲಿ ಅಳವಡಿಸಿ, ಅದನ್ನು ಒಂದು ಸಣ್ಣ ದೂರದರ್ಶಕದ ಮೌಂಟಿಗೆ ಕಟ್ಟಿ ಆಕಾಶಗಂಗೆಯ ಚಿತ್ರಗಳನ್ನು ತೆಗೆದರು. ಮಸೂರದ ಸಂಗಮದೂರ 31 ಅಂಗುಲ. ಫಲಕದ ಒಂದು ಮಿಲಿಮೀಟರಿಗೆ ಸುಮಾರು 262 ವಿಕಲೆ. ಬರ್ನಾರ್ಡ್ ನೇತ್ರಕದ ಅಡ್ಡಗೆರೆಗಳ ಮೇಲೆ ಒಂದು ನಕ್ಷತ್ರವನ್ನು ಕಣ್ಣಿನಿಂದಲೇ ಹಿಡಿದಿಟ್ಟು ಗಂಟೆಗಟ್ಟಲೆ ಕೈಯಿಂದ ತಿದ್ದುತ್ತಿದ್ದರು. ಅವರ ತಾಳ್ಮೆ ಅಸಾಧಾರಣವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಾಳ್ಮೆಗೆ ಫಲ ದೊರೆತದ್ದು ಸಂಗಮದೂರ ಚಿಕ್ಕದಾಗಿದ್ದ ಕಾರಣ ಎಂಬುದನ್ನೂ ಸೇರಿಸಿ ಹೇಳಬೇಕು. 1892ರ ಅಕ್ಟೋಬರಿನಲ್ಲಿ ಇದೇ ಮಸೂರದ ಫಲಕವೊಂದರ ಮೇಲೆ ಅವರು ಹೊಸ ಧೂಮಕೇತುವನ್ನು ಗುರುತಿಸಿದರು.

ಎರಡನೆಯದು ಕ್ರಾಸ್ಲಿ ಪ್ರತಿಫಲಕ ದೂರದರ್ಶಕ. ಲಂಡನ್ನಿನ ಸಮೀಪದ ಈಲಿಂಗ್‌ನಲ್ಲಿ ಆಂಡ್ರೂ ಕಾಮನ್ ಅವರು ಕಟ್ಟಿದ ಈ 36 ಅಂಗುಲದ ಉಪಕರಣದ ಸಂಗಮದೂರ 17 ಅಡಿ 6 ಅಂಗುಲ. 1883ರ ಜನವರಿ 30ರಂದು ಕಾಮನ್ ಇದರಿಂದ ಮಹಾವ್ಯಾಧ ನೀಹಾರಿಕೆಯನ್ನು 37 ನಿಮಿಷಗಳ ಬೆಳಕಿನಲ್ಲಿ ಚಿತ್ರಿಸಿದರು. ಮೌಂಟಿನ ಭಾರದಿಂದ ಉಂಟಾಗುವ ಘರ್ಷಣೆಯನ್ನು ತಗ್ಗಿಸಲು ಧ್ರುವಾಕ್ಷವನ್ನು ಪಾದರಸದಲ್ಲಿ ತೇಲಿಸಿದ್ದರೆಂಬುದು ಅವರು ಸಮಸ್ಯೆಯ ಮೂಲವನ್ನು ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ. 1885ರಲ್ಲಿ ಅದು ಹ್ಯಾಲಿಫ್ಯಾಕ್ಸಿನ ಎಡ್ವರ್ಡ್ ಕ್ರಾಸ್ಲಿ ಅವರ ಕೈಸೇರಿ, 1895ರಲ್ಲಿ ಕೊಡುಗೆಯಾಗಿ ಲಿಕ್ ವೀಕ್ಷಣಾಲಯಕ್ಕೆ ಬಂದಿತು. ಅಲ್ಲಿ ಅದರ ಬಗೆಗೆ ಅಸಮಾಧಾನ ಬೆಳೆಯಿತು. ಹಸ್ಸಿ ಎಂಬ ಖಗೋಳಜ್ಞರು ಅದನ್ನು ನಿಷ್ಪ್ರಯೋಜಕವೆಂದು ಭಾವಿಸಿದರು. ನಿರ್ದೇಶಕ ಹೋಲ್ಡನ್ ಅವರು 1897ರಲ್ಲಿ ಪದತ್ಯಾಗ ಮಾಡುವುದಕ್ಕೆ ಮುನ್ನ ನಡೆದ ಕಲಹಗಳಲ್ಲಿ ಈ ಉಪಕರಣವೂ ಒಂದು ವಸ್ತುವಾಗಿತ್ತು. ದರ್ಪಣ ಮಾತ್ರ ಉತ್ತಮವಾಗಿಯೇ ಇತ್ತು.

ದೋಷವಿದ್ದುದು ಎಲ್ಲಿ? ಕ್ರಾಸ್ಲಿಯ ಫಲಕದಲ್ಲಿ ಒಂದು ಮಿಲಿಮೀಟರಿಗೆ ಸುಮಾರು 39 ವಿಕಲೆ ಮಾತ್ರ. ಗಡಿಯಾರ ಯಂತ್ರ ಒಂದು ಕ್ಷಣ, ಅಂದರೆ ಒಂದು ಸೆಕೆಂಡು, ನಿಂತಿತೆಂದು ಊಹಿಸೋಣ. ಆಕಾಶದ ವಿಷುವದ್ವೃತ್ತದ ಮೇಲಿನ ನಕ್ಷತ್ರ ಅಷ್ಟರಲ್ಲಿ 15 ವಿಕಲೆ ಸರಿಯುತ್ತದೆ. ಬರ್ನಾರ್ಡರ ಫಲಕದಲ್ಲಿ ಅದು ಸುಮಾರು 0.06 ಮಿಲಿಮೀಟರ್; ಕಣ್ಣಿಗೆ ಬೀಳದೆ ಹೋಗಬಹುದು. ಕ್ರಾಸ್ಲಿಯಲ್ಲಿ ಅದೇ ತಪ್ಪು 0.39 ಮಿಲಿಮೀಟರ್ ಗೆರೆಯಾಗಿ ಚಿತ್ರವನ್ನು ಕೆಡಿಸುತ್ತದೆ. 0.05 ಮಿಲಿಮೀಟರ್ ಸರಿತವನ್ನು ಸಹಿಸಬಹುದೆಂದು ಇಟ್ಟುಕೊಂಡರೂ ಮೊದಲನೆಯ ಮೌಂಟಿಗೆ 13 ವಿಕಲೆಗಳ ಸ್ವಾತಂತ್ರ್ಯವಿದ್ದರೆ ಎರಡನೆಯದಕ್ಕೆ 2 ವಿಕಲೆಗಳಷ್ಟೇ. ವಾತಾವರಣದ ಕಂಪನವೇ ಅಷ್ಟಿರುತ್ತದೆ. ಇದರ ಮೇಲೆ, ಇಂಗ್ಲೆಂಡಿನ ಅಕ್ಷಾಂಶಕ್ಕೆಂದು ರೂಪಿಸಿದ ಮೌಂಟನ್ನು 37 ಅಂಶದ ಸ್ಥಳದಲ್ಲಿ ನಿಲ್ಲಿಸಬೇಕಾಗಿತ್ತು.

1898ರಲ್ಲಿ ನಿರ್ದೇಶಕರಾಗಿ ಬಂದ ಜೇಮ್ಸ್ ಕೀಲರ್ ದರ್ಪಣವನ್ನು ದೂರದೆ ಮೌಂಟನ್ನು ಹಿಡಿದರು. ಕಂಬವನ್ನು ತಗ್ಗಿಸಿದರು, ಧ್ರುವಾಕ್ಷವನ್ನು ಸರಿಯಾದ ದಿಕ್ಕಿಗೆ ತಂದರು. ಇವುಗಳಿಗಿಂತ ಮುಖ್ಯವಾದುದು ಕಾಮನ್ ಅವರಿಂದ ಬಂದ ಇಮ್ಮಡಿ ಜಾರುಪಟ್ಟಿಯ ಫಲಕಧಾರಕದ ಬಳಕೆ. ಭಾರವಾದ ದೂರದರ್ಶಕವನ್ನು ಮುಟ್ಟದೆ, ಎರಡು ತಿರುಪುಗಳಿಂದ ಫಲಕವನ್ನೇ ಕೂದಲೆಳೆಯಷ್ಟು ಸರಿಸಿ ನಕ್ಷತ್ರವನ್ನು ಹಿಂಬಾಲಿಸುವ ಉಪಾಯವಿದು. ಮೌಂಟ್ ತೀರಿಸಲಾರದ ಸಾಲವನ್ನು ಫಲಕದ ಬಳಿ ತೀರಿಸಿಕೊಂಡಂತೆ. 1899ರ ಮೇ ತಿಂಗಳಲ್ಲಿ ನಾಲ್ಕು ಗಂಟೆಗಳ ಬೆಳಕಿನಿಂದ ಸುಳಿ ನೀಹಾರಿಕೆಯ ಚಿತ್ರ ಮೂಡಿತು. ಈ ಫಲಕಗಳ ಆಧಾರದಿಂದ ಕೀಲರ್ ಅವರು ಆ ಉಪಕರಣದ ನಿಲುಕಿನಲ್ಲಿ 120000 ನೀಹಾರಿಕೆಗಳಿರಬಹುದೆಂದೂ ಅವುಗಳಲ್ಲಿ ಬಹುಪಾಲು ಸುರುಳಿಯಾಕಾರದವೆಂದೂ ಅಂದಾಜು ಮಾಡಿದರು. 1900ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಬಳಿಕ ಪೆರೈನ್ ಅವರ ಕಾಲದಲ್ಲಿ ಹಳೆಯ ಮೌಂಟನ್ನು ಬಿಟ್ಟು ಹೊಸದನ್ನು ಕಟ್ಟಲಾಯಿತು, ದರ್ಪಣವನ್ನು ಉಳಿಸಿಕೊಳ್ಳಲಾಯಿತು.

ಇದಕ್ಕೆ ಪೂರ್ವದಲ್ಲಿಯೇ, 1887ರ ಪ್ಯಾರಿಸ್ ಸಮ್ಮೇಳನ ಆಕಾಶದ ನಕಾಶೆಗಾಗಿ ಒಂದು ಮಿಲಿಮೀಟರಿಗೆ ಒಂದು ಕಲೆ ಎಂಬ ಪ್ರಮಾಣವನ್ನು ನಿಗದಿಪಡಿಸಿತ್ತು. ಅಂದರೆ ಸಂಗಮದೂರ ಸುಮಾರು 3.4 ಮೀಟರ್. ಹೆನ್ರಿ ಸಹೋದರರ ಮಾದರಿಯಲ್ಲಿ ಅನುಸರಣ ದೂರದರ್ಶಕವೂ ಅದೇ ಕವಚದೊಳಗೆ ಇತ್ತು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಈ ಕಾರ್ಯದಲ್ಲಿ ಭಾಗವಹಿಸಿತು.

ನಮ್ಮ ಅಕ್ಷಾಂಶಗಳಲ್ಲಿ ಪ್ರಶ್ನೆಗೆ ಬೇರೊಂದು ಮುಖವಿದೆ. ಧ್ರುವಾಕ್ಷದ ಎತ್ತರ ಸ್ಥಳದ ಅಕ್ಷಾಂಶಕ್ಕೆ ಸಮವಾದುದರಿಂದ, ಈಲಿಂಗ್‌ನಲ್ಲಿ 51 ಅಂಶಕ್ಕೂ ಮೇಲೆ ನಿಂತ ಅಕ್ಷ ದಕ್ಷಿಣ ಭಾರತದಲ್ಲಿ ಬಹುಮಟ್ಟಿಗೆ ಮಲಗಿಬಿಡುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವತಿಯಿಂದ ತಮಿಳುನಾಡಿನ ಕವಲೂರಿನಲ್ಲಿ 1986ರಲ್ಲಿ ಕಾರ್ಯಾರಂಭ ಮಾಡಿದ 2.34 ಮೀಟರ್ ವ್ಯಾಸದ ವೇಣು ಬಪ್ಪು ದೂರದರ್ಶಕಕ್ಕೆ, ಉತ್ತರ ತುದಿಯಲ್ಲಿ ಕುದುರೆಲಾಳದ ಆಕಾರವುಳ್ಳ ನೊಗದ ಮೌಂಟನ್ನು ಆರಿಸಿದ್ದು ಈ ಕಾರಣದಿಂದ. ಅಕ್ಷದ ಎರಡೂ ತುದಿಗಳಿಗೆ ಆಸರೆ ದೊರೆಯುತ್ತದೆ, ಧ್ರುವದ ಸಮೀಪದ ಆಕಾಶವೂ ಮರೆಯಾಗುವುದಿಲ್ಲ. ಪ್ರಧಾನ ಸಂಗಮದಲ್ಲಿ ಅದರ ಸಂಗಮದೂರ ಸುಮಾರು 7.6 ಮೀಟರ್, ಪ್ರಮಾಣ ಮಿಲಿಮೀಟರಿಗೆ 27 ವಿಕಲೆ. ಕ್ರಾಸ್ಲಿಗಿಂತಲೂ ಕಠಿಣವಾದ ಷರತ್ತು ಇದು.

ಇಂದು ಫಲಕದ ಜಾಗದಲ್ಲಿ ವಿದ್ಯುನ್ಮಾನ ಸಂವೇದಕವಿದೆ. 3.76 ಮೈಕ್ರಾನಿನ ಕಣವುಳ್ಳ ಕ್ಯಾಮೆರಾಕ್ಕೆ 200 ಮಿಲಿಮೀಟರ್ ಮಸೂರ ಜೋಡಿಸಿದರೆ ಒಂದು ಕಣಕ್ಕೆ 3.9 ವಿಕಲೆ, 2000 ಮಿಲಿಮೀಟರಿನ ದೂರದರ್ಶಕಕ್ಕೆ 0.39 ವಿಕಲೆ. ಅಗ್ಗದ ಮೌಂಟುಗಳ ಹಲ್ಲುಚಕ್ರಗಳಲ್ಲಿ ಹತ್ತಾರು ವಿಕಲೆಗಳ ಆವರ್ತ ದೋಷವಿರುವುದು ಸಾಮಾನ್ಯ. ಮೊದಲನೆಯ ಜೋಡಣೆಯಲ್ಲಿ ಅದು ಕೆಲವು ಕಣಗಳ ಮಾತು. ಎರಡನೆಯದರಲ್ಲಿ ಅನುಸರಣ ಕ್ಯಾಮೆರಾ ಇಲ್ಲದೆ ಕೆಲಸವೇ ಸಾಗದು. ಕರ್ನಾಟಕದ ಹವ್ಯಾಸಿಗಳಿಗೆ ಧ್ರುವನಕ್ಷತ್ರ ದಿಗಂತದಿಂದ ಹನ್ನೆರಡು ಹದಿನೆಂಟು ಅಂಶಗಳ ಎತ್ತರದಲ್ಲಿ, ಮಬ್ಬಿನಲ್ಲಿ ಅಥವಾ ಕಟ್ಟಡಗಳ ಹಿಂದೆ ಅಡಗಿರುತ್ತದೆ. ಆಗ ಮಧ್ಯಾಹ್ನರೇಖೆಯ ಬಳಿ, ವಿಷುವದ್ವೃತ್ತದ ಸಮೀಪದ ನಕ್ಷತ್ರವೊಂದು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದನ್ನು ಕೆಲವು ನಿಮಿಷ ಗಮನಿಸಿ ಧ್ರುವಾಕ್ಷದ ದಿಕ್ಕನ್ನು ತಿದ್ದುತ್ತಾರೆ. ಅನಂತರ ಪೂರ್ವದ ಅಥವಾ ಪಶ್ಚಿಮದ ನಕ್ಷತ್ರವೊಂದರಿಂದ ಅದರ ಎತ್ತರವನ್ನು.