ಬನವಾಸಿಯಲ್ಲಿ ಪಾಯ ತೋಡುವುದು

ಬನವಾಸಿಗೆ ಬಂದವರು ಮಧುಕೇಶ್ವರನಿಗೆ ಕೈಮುಗಿದು, ಪಂಪನ ಒಂದು ಸಾಲು ಹೇಳಿ, ಅನಾನಸ್ ಕೊಂಡು ಶಿರಸಿ ಬಸ್ಸು ಹತ್ತುತ್ತಾರೆ. ಗೌಂಡಿ ಕೆಲಸದವನಾದ ನನಗೆ ಊರು ಶುರುವಾಗುವುದೇ ಪಾಯ ತೋಡುವಾಗ.

ಹಾರೆ ಹಾಕಿದರೆ ಮೊದಲು ಹೆಂಚಿನ ಚೂರು, ಕೆಳಗೆ ಮಡಕೆ ಬೋಕಿ, ಬೂದಿ ಬೆರೆತ ಮಣ್ಣು. ಇನ್ನೂ ಇಳಿದರೆ ಇಟ್ಟಿಗೆ. ಈಗಿನ ಹಾಗೆ ಒಂದು ಕೈಯಲ್ಲಿ ಎತ್ತಿ ಎಸೆಯುವಂಥದ್ದಲ್ಲ. ಮೊಳದ ಹತ್ತಿರ ಉದ್ದ, ಎರಡು ಕೈಯೂ ಬೇಕು. ಮುರಿದ ಕಡೆ ಒಳಗೆಲ್ಲ ಸಣ್ಣ ತೂತು. ಮಣ್ಣಿಗೆ ಕಲಸಿದ ಭತ್ತದ ಹೊಟ್ಟು ಭಟ್ಟಿಯಲ್ಲಿ ಉರಿದುಹೋದ ಗುರುತು ಅದು. ಅಷ್ಟು ದಪ್ಪದ ಇಟ್ಟಿಗೆ ನಡುವಿನವರೆಗೆ ಬೇಯಬೇಕಾದರೆ ಹೊಟ್ಟು ಹಾಕಲೇಬೇಕು. ಶಾತವಾಹನರ ಕಾಲದ ಕೆಲಸ. ಕದಂಬರು ಬರುವಾಗಲೇ ಇಲ್ಲಿ ಹಳೇ ಊರಿತ್ತು. ನಮ್ಮವರು ಚರಿತ್ರೆಯನ್ನು ಕದಂಬರ ಮಯೂರಶರ್ಮನಿಂದಲೇ ಹೇಳಲು ಶುರುಮಾಡುವುದು ನನಗೆ ಒಗ್ಗುವುದಿಲ್ಲ.

ಕೋಟೆ ಗೋಡೆಯಲ್ಲೂ ಅಷ್ಟೇ. ಬುಡದಲ್ಲಿ ಆ ದೊಡ್ಡ ಇಟ್ಟಿಗೆ, ಮೇಲೆ ಆಮೇಲಿನವರು ಏರಿಸಿದ ಚಿರೆಕಲ್ಲು. ಸುತ್ತ ವರದಾ ಹೊಳೆ. ಚಾಲುಕ್ಯರ ಇಮ್ಮಡಿ ಪುಲಕೇಶಿ ಮುತ್ತಿಗೆ ಹಾಕಿದ್ದು ಈ ಕೋಟೆಗೇ. 634ರ ಐಹೊಳೆ ಶಾಸನದಲ್ಲಿ ಆ ಮುತ್ತಿಗೆ ಹೇಳುವಾಗ ಅವನ ಕವಿ ರವಿಕೀರ್ತಿ ಹೊಳೆಯನ್ನೂ, ಅದರ ಹಂಸಗಳನ್ನೂ ಬಿಟ್ಟಿಲ್ಲ.

1970ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಇಲ್ಲಿ ಅಗೆದಾಗ ಇಟ್ಟಿಗೆಯ ಗಜಪೃಷ್ಠ ಕಟ್ಟಡಗಳ ತಳಪಾಯ ಸಿಕ್ಕಿತು. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ. ನೇರ ಇಟ್ಟಿಗೆಯಲ್ಲಿ ದುಂಡು ಗೋಡೆ ಎಬ್ಬಿಸುವುದು ಎಷ್ಟು ಕಷ್ಟ ಅಂತ ಬಾವಿಗೆ ಕಟ್ಟೆ ಕಟ್ಟಿದವರನ್ನು ಕೇಳಿ. ಒಳಸುತ್ತಿನಲ್ಲಿ ಸಂದು ಬಿಗಿ, ಹೊರಸುತ್ತಿನಲ್ಲಿ ಅಗಲ. ಆ ಅಗಲವನ್ನು ತುಂಬುವುದರಲ್ಲೇ ಗೌಂಡಿಯ ಕೈ ಗೊತ್ತಾಗುತ್ತದೆ.

ದೇವಸ್ಥಾನದ ಅಂಗಳದಲ್ಲಿ ಐದು ಹೆಡೆಯ ನಾಗಶಿಲೆ ಇದೆ. ಚುಟು ವಂಶದ ರಾಜಕುಮಾರಿ ಶಿವಸ್ಕಂದನಾಗಶ್ರೀ ಕೆರೆ, ವಿಹಾರಗಳ ಜೊತೆ ಕೊಟ್ಟದ್ದು ಅಂತ ಅಂಚಿನ ಬ್ರಾಹ್ಮಿ ಬರಹ ಹೇಳುತ್ತದೆ. ಕೊಟ್ಟವರ ಹೆಸರು ಎಲ್ಲ ಕಡೆ ಇರುತ್ತದೆ, ಬಿಡಿ. ಇದರಲ್ಲಿ ಕಡೆದವನ ಹೆಸರೂ ಇದೆ: ನಟಕ. ನಮ್ಮ ಕಸುಬಿನವರಿಗೆ ಅಷ್ಟು ಮರ್ಯಾದೆ ಈಗಲೂ ಇಲ್ಲ. ಮನೆ ಮುಂದೆ ಕಲ್ಲು ಹಾಕಿದರೆ ಅದರಲ್ಲಿ ಯಜಮಾನರ ಹೆಸರು ಮಾತ್ರ.

ಈಗ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಏಳಿಸುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಮನೆ ಕಟ್ಟುವವರು ನನ್ನ ಹತ್ತಿರ ಗೊಣಗುತ್ತಾರೆ. ನಿಯಮ ಇರಲಿ ಅನ್ನುವವನೇ ನಾನು. ನನ್ನ ತಕರಾರು ಟೇಪಿನ ಬಗ್ಗೆ. ಅದು ಸ್ಮಾರಕದ ಗಡಿಯಿಂದ ಅಳೆಯುತ್ತದೆ, ನೆಲದೊಳಗಿನ ಊರು ಆ ಗಡಿ ಕೇಳುವುದಿಲ್ಲ. ಹಾಗಾಗಿ ಎಲ್ಲೇ ತೋಡಿದರೂ ಸಾಲಿಟ್ಟ ಇಟ್ಟಿಗೆ ಕಂಡರೆ ಕೆಲಸ ನಿಲ್ಲಿಸಿ, ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ ಅನ್ನುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ಬೇರೆ ಗೌಂಡಿಯನ್ನು ಕರೆಯುತ್ತಾರೆ.